ಬೆಂಕಿ ಹತ್ತದ ಪ್ಲಾಸ್ಟಿಕ್ಕನ್ನು ಎಷ್ಟು ನಂಬಬೇಕು?

ಪ್ರಶ್ನೆ: ಸರ್, ಮಗ ಎಲೆಕ್ಟ್ರಿಕ್ ಸ್ಕೂಟರ್ ತಂದಿದ್ದಾನೆ. ರಾತ್ರಿ ಪಡಸಾಲೆಯಲ್ಲೇ ಚಾರ್ಜಿಗೆ ಹಚ್ಚುತ್ತಾನೆ. ಪಕ್ಕದಲ್ಲೇ ಮಗ್ಗ, ನೂಲಿನ ರಾಶಿ. ‘ಬ್ಯಾಟರಿ ಪೆಟ್ಟಿಗೆ ಬೆಂಕಿ ಹತ್ತದ ಪ್ಲಾಸ್ಟಿಕ್ಕಿನದು, ಚಿಂತಿ ಬ್ಯಾಡ್ರಿ’ ಅಂತ ಅಂಗಡಿಯವರು ಹೇಳಿದ್ದಾರೆ. ನಂಬಬಹುದಾ?
– ನೇಕಾರರೊಬ್ಬರು, ಬೆಟಗೇರಿ

ಉತ್ತರ: ಮೊದಲು ಸ್ಕೂಟರನ್ನು ನೂಲಿನ ಹತ್ತಿರದಿಂದ ತೆಗೆಸಿರಿ. ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ.

ಬೆಂಕಿಯೇ ಹತ್ತದ ಪ್ಲಾಸ್ಟಿಕ್ ಅಲ್ಲ ಅದು, ಹತ್ತಿದ ಬೆಂಕಿ ಬೇಗ ಆರುವ ಪ್ಲಾಸ್ಟಿಕ್. ಧಾರವಾಡದಲ್ಲಿ ಪಾಲಿಮರ್ ರಸಾಯನಶಾಸ್ತ್ರ ಕಲಿಸುವಾಗ ಇದರ ಪರೀಕ್ಷೆಯನ್ನು ಹುಡುಗರಿಗೆ ಮಾಡಿ ತೋರಿಸುತ್ತಿದ್ದೆ. ಐದು ಇಂಚಿನ ಪಟ್ಟಿಯನ್ನು ನೆಟ್ಟಗೆ ತೂಗುಹಾಕಿ, ಕೆಳಗೆ ಹತ್ತಿ ಇಡಬೇಕು. ತುದಿಗೆ 10 ಸೆಕೆಂಡು ಉರಿ ಹಿಡಿದು ತೆಗೆಯಬೇಕು. 10 ಸೆಕೆಂಡಿನೊಳಗೆ ಆರಬೇಕು. ಮತ್ತೊಮ್ಮೆ ಹಿಡಿದರೂ ಹಾಗೇ ಆರಬೇಕು. ಉರಿಯುವ ಹನಿ ಬಿದ್ದು ಹತ್ತಿ ಹೊತ್ತಿಕೊಳ್ಳಬಾರದು. ಹೀಗೆ ಐದು ಪಟ್ಟಿ ಪಾಸಾದರೆ ‘ವಿ-0’ ದರ್ಜೆ. ಸಾದಾ ಪಾಲಿಪ್ರೊಪಿಲೀನ್ ಆದರೆ ಉರಿಯುತ್ತಾ ತೊಟ್ಟಿಕ್ಕುತ್ತಲೇ ಇರುತ್ತದೆ.

ಈ ಗುಣ ಬರಲು ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಬೆರೆಸುವುದುಂಟು. 200 ಡಿಗ್ರಿ ದಾಟಿದರೆ ಅದು ನೀರಾವಿ ಬಿಟ್ಟು ತಂಪು ಮಾಡುತ್ತದೆ. ಆದರೆ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಬೆರೆಸಬೇಕು. ಪ್ಲಾಸ್ಟಿಕ್ ಪೆಡಸಾಗುತ್ತದೆ. ಅದಕ್ಕೇ ನ್ಯಾನೊ ಜೇಡಿಯ ಮೇಲೆ ಇಷ್ಟೊಂದು ಸಂಶೋಧನೆ. ಮಾಂಟ್‌ಮೊರಿಲ್ಲೊನೈಟ್ ಅನ್ನುವ ಜೇಡಿಯ ಹಾಳೆ ಒಂದು ನ್ಯಾನೊಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು ದಪ್ಪ. ನೂರಕ್ಕೆ ಐದು ಪಾಲು ಬೆರೆಸಿದರೂ ಉರಿಯುವಾಗ ಮೇಲೆ ಕರಿ ಪೊರೆ ಕಟ್ಟಿ ಬೆಂಕಿಯ ಜೋರು ತಗ್ಗುತ್ತದೆ. ನಿಮ್ಮ ಸುತ್ತಲಿನ ಎರೆ ಹೊಲ ಬೇಸಿಗೆಯಲ್ಲಿ ಬಿರಿಯುವುದೂ ಇದೇ ಜಾತಿಯ ಜೇಡಿಯಿಂದ! ನನಗೆ ಈ ವಸ್ತುವಿನ ಮೇಲೆ ಬಹಳ ಪ್ರೀತಿ. ಆದರೂ ಜೇಡಿಯೊಂದರಿಂದಲೇ ವಿ-0 ಸಿಗುವುದು ಕಷ್ಟ, ಬೇರೆ ವಸ್ತುಗಳ ಜೊತೆ ಸೇರಿಸಬೇಕು.

ಇದೆಲ್ಲ ಪೆಟ್ಟಿಗೆಯ ಮಾತಾಯಿತು. ಅಪಾಯ ಇರುವುದು ಒಳಗೆ. ಲಿಥಿಯಂ ಸೆಲ್ಲಿನಲ್ಲಿರುವ ದ್ರಾವಕವೇ ಹೊತ್ತಿ ಉರಿಯುವಂಥದ್ದು. ಎರಡು ಧ್ರುವಗಳನ್ನು ದೂರ ಇಡುವ ಪಾಲಿಎಥಿಲೀನ್ ಪೊರೆ ಸುಮಾರು 130 ಡಿಗ್ರಿಗೆ ಕರಗುತ್ತದೆ. ಪೊರೆ ಹರಿದರೆ ಒಳಗೇ ಶಾರ್ಟ್. ನಿಕಲ್ ಇರುವ ಎನ್‌ಎಂಸಿ ಸೆಲ್ ಬಿಸಿ ಏರಿದಾಗ ತಾನೇ ಆಮ್ಲಜನಕ ಬಿಡುತ್ತದೆ, ಹೊರಗಿನ ಗಾಳಿ ತಡೆದರೂ ಉರಿ ನಿಲ್ಲುವುದಿಲ್ಲ. ಎಲ್‌ಎಫ್‌ಪಿ, ಅಂದರೆ ಕಬ್ಬಿಣದ ಫಾಸ್ಫೇಟ್ ಸೆಲ್, ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಅಪಾಯ ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ. ಸ್ಕೂಟರಿನಲ್ಲಿ ಯಾವುದಿದೆ ಅಂತ ಮಗನಿಗೆ ಕೇಳಿರಿ. 2022ರ ಬೆಂಕಿ ಅವಘಡಗಳ ನಂತರ ಬಿಗಿ ಮಾಡಿದ, ಎಲೆಕ್ಟ್ರಿಕ್ ಗಾಡಿಗಳ ಬ್ಯಾಟರಿ ಸುರಕ್ಷತೆಯ ಎಐಎಸ್-156 ನಿಯಮದ ಪ್ರಕಾರ ಪಾಸಾದ ಬ್ಯಾಟರಿಯಾ ಅನ್ನುವುದನ್ನೂ ಕೇಳಿರಿ.

ಒಳ್ಳೆಯ ಪೆಟ್ಟಿಗೆ ನಿಮಗೆ ಹೊರಗೆ ಓಡಲು ಸ್ವಲ್ಪ ಸಮಯ ಕೊಡುತ್ತದೆ, ಅಷ್ಟೇ. ಎಲ್ಲರೂ ಮಲಗಿದ್ದರೆ ಆ ಸಮಯವೂ ವ್ಯರ್ಥ, ಅಲ್ವಾ? ಹೊರಗೆ ನೆರಳಿನಲ್ಲಿ, ಬಾಗಿಲಿಗೆ ಅಡ್ಡ ಬಾರದ ಹಾಗೆ, ಹಗಲಲ್ಲೇ ಚಾರ್ಜಿಗೆ ಹಚ್ಚಲಿ. ಓಡಿಸಿ ಬಂದ ಕೂಡಲೇ ಬೇಡ, ಬ್ಯಾಟರಿ ಆರಲಿ. ಕಂಪನಿ ಕೊಟ್ಟ ಚಾರ್ಜರೇ ಇರಲಿ. ಪೆಟ್ಟಿಗೆ ಉಬ್ಬಿದರೆ, ಸಿಹಿ ಘಾಟು ವಾಸನೆ ಬಂದರೆ ಮತ್ತೆ ಹಚ್ಚಬೇಡಿ. ಹೊಗೆ ಕಂಡರೆ ಹತ್ತಿರ ಹೋಗಬೇಡಿ. ಅದರಲ್ಲಿ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷ ಇರುತ್ತದೆ. ಎಲ್ಲರೂ ಹೊರಗೆ ಬಂದು 112ಕ್ಕೆ ಫೋನ್ ಮಾಡಿ.