ಕೈ ಎತ್ತುವಾಗ ಭುಜ ನೋಯುತ್ತೆ, ಡಂಬೆಲ್ಸ್ ಎತ್ತಿ ಗಟ್ಟಿ ಮಾಡಿಕೊಂಡರೆ ಸರಿಹೋಗುತ್ತಾ?

ಕೈ ಅರ್ಧ ಎತ್ತಿದಾಗ ಚುಚ್ಚುತ್ತೆ, ಪೂರ್ತಿ ಮೇಲೆ ಹೋದರೆ ನೋವಿಲ್ಲ ಅಂದ್ರಲ್ಲ, ನನಗೆ ನಮ್ಮ ಅಂಗಡಿ ಶಟರ್ ನೆನಪಾಯಿತು.

ಗಂಗಾವತಿಯಲ್ಲಿ ನಂದು ಕಿರಾಣಿ ಅಂಗಡಿ. ಬೆಳಿಗ್ಗೆ ಶಟರ್ ಎತ್ತುವಾಗ ಎದೆಮಟ್ಟದವರೆಗೆ ಆರಾಮ. ಭುಜದ ಮಟ್ಟಕ್ಕೆ ಬಂದ ಕೂಡಲೇ ಬಲಗೈ ಸೋಲುತ್ತಿತ್ತು. ಎದುರಿನ ಚಹಾದಂಗಡಿ ಹುಡುಗ "ಸಾವ್ಕಾರ್ರ, ಅಕ್ಕಿ ಚೀಲ ಎತ್ತೋ ಕೈಗೆ ಶಟರ್ ಭಾರ ಆತೇನ್ರಿ?" ಅಂತ ನಗುತ್ತಿದ್ದ. ಮರ್ಯಾದೆ ಪ್ರಶ್ನೆ ನೋಡಿ, ಜಿಮ್ ಸೇರಿಬಿಟ್ಟೆ.

ಅಲ್ಲಿ ಒಬ್ಬರು ಹೇಳಿಕೊಟ್ಟರು: ಚೊಂಬಿನಿಂದ ನೀರು ಸುರಿಯುವ ಹಾಗೆ ಹೆಬ್ಬೆರಳು ಕೆಳಗೆ ಮಾಡಿ ಡಂಬೆಲ್ಸ್ ಪಕ್ಕಕ್ಕೆ ಎತ್ತಬೇಕು. 5 ಕೆಜಿ, ದಿನಕ್ಕೆ 45 ಸಲ, ಎರಡು ತಿಂಗಳು. ನನ್ನ ಭುಜ ಇನ್ನಷ್ಟು ಹಾಳಾಗಿದ್ದು ಈ ಹೆಬ್ಬೆರಳಿನಿಂದಲೇ.

ನೋವಿಲ್ಲದ ಕೈಯಲ್ಲಿ ನೀವೇ ನೋಡಿ. ಹೆಬ್ಬೆರಳು ನೆಲದ ಕಡೆ ಮಾಡಿ ಕೈಯನ್ನು ಪಕ್ಕಕ್ಕೆ ಎತ್ತಿ. ಭುಜದ ಮಟ್ಟದ ಹತ್ತಿರ ತಡೆದಂತಾಗುತ್ತೆ. ಅಲ್ಲೇ ಹೆಬ್ಬೆರಳನ್ನು ಮೇಲಕ್ಕೆ ತಿರುಗಿಸಿ. ಕೈ ಸಲೀಸಾಗಿ ಕಿವಿತನಕ ಹೋಯ್ತಲ್ವಾ? ರಟ್ಟೆ ಎಲುಬಿನ ತುದಿಯಲ್ಲಿ ಹೊರಗಡೆ ಒಂದು ಗುಬಟು ಇದೆ. ಅದರ ಮೇಲೆ ಬೆನ್ನಿನ ರೆಕ್ಕೆಲುಬಿನ ಅಂಚು ಸೂರಿನ ಹಾಗೆ ಚಾಚಿಕೊಂಡಿದೆ. ನಡುವಿನ ಸಂದು ಸುಮಾರು 1 ಸೆಂ.ಮೀ. ಸುಪ್ರಾಸ್ಪೈನೇಟಸ್ ಅನ್ನೋ ಸ್ನಾಯುವಿನ ನಾರು ಅದರೊಳಗೇ ಹಾಯಬೇಕು. ಹೆಬ್ಬೆರಳು ಮೇಲಿದ್ದರೆ ಗುಬಟು ಹಿಂದಕ್ಕೆ ಹೊರಳಿ ಸೂರಿಗೆ ತಾಗದೆ ದಾಟುತ್ತೆ. ಕೆಳಗಿದ್ದರೆ ನೇರ ಸೂರಿನ ಕೆಳಗೆ ನುಗ್ಗಿ ನಾರನ್ನು ಒತ್ತುತ್ತೆ. ಮೊದಲೇ ಕೆರಳಿದ್ದ ನಾರನ್ನು ನಾನು ದಿನಾ 45 ಸಲ, ಅದೂ ದುಡ್ಡು ಕೊಟ್ಟು, ಅರೆದೆ.

ಇನ್ನು ನಿಮ್ಮ 'ಗಟ್ಟಿ ಮಾಡೋದು'. ತಪ್ಪು ಸ್ನಾಯುವಿನ ಹಿಂದೆ ಬಿದ್ದಿದ್ದೀರಿ. ಡಂಬೆಲ್ಸ್‌ಗೆ ಉಬ್ಬೋದು ಡೆಲ್ಟಾಯ್ಡ್, ಹೊರಗೆ ಕಾಣೋದು. ಭುಜದ ಕೀಲು ಅಂದರೆ ಶಾಲೆಯ ನಿಂಬೆಹಣ್ಣು-ಚಮಚದ ಓಟ. ರಟ್ಟೆ ಎಲುಬಿನ ಗುಂಡು ದೊಡ್ಡದು, ಅದು ಕೂರುವ ರೆಕ್ಕೆಲುಬಿನ ಬಟ್ಟಲು ಆಳವಿಲ್ಲ. ಡೆಲ್ಟಾಯ್ಡ್ ಕೈಯನ್ನು ಎತ್ತುವಾಗ ಗುಂಡನ್ನೂ ಮೇಲಕ್ಕೆ, ಸೂರಿನ ಕಡೆಗೆ ಎಳೆಯುತ್ತೆ. ಅದನ್ನು ಬಟ್ಟಲಿಗೆ ಒತ್ತಿ, ಕೆಳಗೆ ಜಗ್ಗಿ ಹಿಡಿಯೋದು ರೊಟೇಟರ್ ಕಫ್, ಅಂದರೆ ಕೀಲನ್ನು ಅಪ್ಪಿಕೊಂಡಿರೋ ನಾಲ್ಕು ಒಳಸ್ನಾಯು. ಮೇಲೆ ಸುಪ್ರಾಸ್ಪೈನೇಟಸ್, ಕೈ ಎತ್ತಲು ಶುರುವಿನಿಂದಲೇ ಜೊತೆಗೂಡುತ್ತೆ. ಹಿಂದೆ ಇನ್ಫ್ರಾಸ್ಪೈನೇಟಸ್ ಮತ್ತು ಟೆರೆಸ್ ಮೈನರ್, ಕೈಯನ್ನು ಹೊರಕ್ಕೆ ತಿರುಗಿಸುತ್ತವೆ. ಮುಂದೆ ಸಬ್‌ಸ್ಕ್ಯಾಪುಲಾರಿಸ್, ಒಳಕ್ಕೆ. ಇವು ಸೋತಿರುವಾಗ ಡೆಲ್ಟಾಯ್ಡ್ ಒಂದನ್ನೇ ಬೆಳೆಸಿದರೆ ಗುಂಡು ಇನ್ನೂ ಜೋರಾಗಿ ಸೂರಿಗೆ ಗುದ್ದುತ್ತೆ. ಇಂಥ ತೊಂದರೆಯಲ್ಲಿ ಕೈ ಪಕ್ಕಕ್ಕೆ ಎತ್ತುವಾಗ ಸಾಮಾನ್ಯವಾಗಿ 60ರಿಂದ 120 ಡಿಗ್ರಿ ನಡುವೆ ನೋಯುತ್ತೆ. ನಿಮ್ಮ 'ಅರ್ಧ' ಅದೇ ಇರಬೇಕು.

ಕೊನೆಗೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಮೊಣಕೈಗೂ ಪಕ್ಕೆಗೂ ನಡುವೆ ಟವೆಲ್ ಮಡಚಿ ಇಟ್ಟು, ರಬ್ಬರ್ ಪಟ್ಟಿಯನ್ನು ಹೊರಕ್ಕೆ ಎಳೆಯಿರಿ ಅಂದರು. ಇದೇನು ಮಕ್ಕಳಾಟ ಅಂದುಕೊಂಡೆ. ಹತ್ತು ಸಲಕ್ಕೇ ರೆಕ್ಕೆ ಹಿಂದೆ ಉರಿಯಿತು. ನಾಲ್ಕು ತಿಂಗಳು ಹಿಡಿಯಿತು ನನಗೆ.

ನೀವು ಮೊದಲು ತೋರಿಸಿಕೊಳ್ಳಿ. ಬಿದ್ದ ಮೇಲೆ ಕೈ ಎತ್ತಲಿಕ್ಕೇ ಬರದಿದ್ದರೆ ನಾರು ಹರಿದಿರಬಹುದು, ತಡ ಮಾಡಬೇಡಿ. ಡಂಬೆಲ್ಸ್ ಮಂಚದ ಕೆಳಗೆ ಇಡಿ.

ಶಟರ್‌ಗೆ ಆಮೇಲೆ ಗ್ರೀಸ್ ಹಾಕಿಸಿದೆ. ಈಗ ಒಂದೇ ಕೈಗೆ ಬರುತ್ತೆ. ಅದನ್ನು ಮೊದಲೇ ಮಾಡಿಸಬಹುದಿತ್ತು ಅಂತ ಆ ಚಹಾದ ಹುಡುಗನೇ ಹೇಳಿದ.