ಗಾಡಿ ಪ್ರಶ್ನೋತ್ತರ: ಹೆಡ್‌ಲೈಟ್ ಮಂಕಾಗಿದೆಯೇ? ಬಲ್ಬ್ ಕೊಳ್ಳುವ ಮೊದಲು ವೋಲ್ಟ್ ಅಳೆಯಿರಿ

ಪ್ರಶ್ನೆ: ನಮ್ಮದು ಎಂಟು ವರ್ಷದ ಹತ್ತು ಚಕ್ರದ ಲಾರಿ, 24 ವೋಲ್ಟ್. ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಕಾರವಾರಕ್ಕೆ ಲೋಡ್ ಹೋಗುತ್ತದೆ. ಮಳೆಯಲ್ಲಿ ಡಿಮ್ ಹಾಕಿದರೆ ರಸ್ತೆಯ ಅಂಚೇ ಕಾಣುವುದಿಲ್ಲ. 75/70 ವ್ಯಾಟ್ ಬಲ್ಬ್ ತೆಗೆಸಿ 100/90 ಹಾಕಿಸಿದೆವು. ಹದಿನೈದು ದಿನಕ್ಕೆ ಎಡಗಡೆ ಹೋಲ್ಡರ್ ಕರಗಿತು, ಆಮೇಲೆ ಫ್ಯೂಸ್ ಹಾರತೊಡಗಿತು. ದೊಡ್ಡ ಫ್ಯೂಸ್ ಹಾಕಿದರೆ ಸರಿಹೋಗುತ್ತದೆಯೇ?
— ಲಾರಿ ಮಾಲೀಕರು, ಗದಗ

ಉತ್ತರ: ದಯವಿಟ್ಟು ಹಾಕಿಸಬೇಡಿ. ಫ್ಯೂಸ್ ಇರುವುದು ವೈರ್ ಕಾಯಲಿಕ್ಕೆ. ದೊಡ್ಡ ಫ್ಯೂಸ್ ಹಾಕಿದರೆ ಮುಂದಿನ ಸಲ ಸುಡುವುದು ಡ್ಯಾಶ್‌ಬೋರ್ಡ್ ಒಳಗಿನ ವೈರ್. ಮೊದಲು 75/70 (ಹೈ ಬೀಮ್ 75, ಡಿಮ್ 70 ವ್ಯಾಟ್) ಬಲ್ಬನ್ನೇ ತಿರುಗಿ ಹಾಕಿಸಿ, ಕರಗಿದ ಹೋಲ್ಡರ್ ಬದಲಿಗೆ ಪಿಂಗಾಣಿಯದು ಹಾಕಿಸಿ.

ಹೋಲ್ಡರ್ ಕರಗಿದ್ದಕ್ಕೆ ಲೆಕ್ಕ ಸರಳವಿದೆ. 24 ವೋಲ್ಟಿನಲ್ಲಿ 75 ವ್ಯಾಟ್ ಬಲ್ಬ್ ಎಳೆಯುವುದು ಸುಮಾರು 3.1 ಆಂಪಿಯರ್, 100 ವ್ಯಾಟಿನದು 4.2. ಮೂರರಲ್ಲಿ ಒಂದು ಪಾಲು ಮಾತ್ರ ಜಾಸ್ತಿ ಅನಿಸುತ್ತದೆ. ಆದರೆ ಸಡಿಲವಾದ ಪಿನ್ನಿನಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ಸುಮಾರು ಮುಕ್ಕಾಲು ಪಟ್ಟು ಹೆಚ್ಚು. ಎಂಟು ವರ್ಷ ಧೂಳು, ನೀರು ಕುಡಿದ ಕಪ್ಲರ್ (ಬಲ್ಬಿನ ಪಿನ್ನಿಗೆ ವೈರ್ ಸೇರಿಸುವ ಹೋಲ್ಡರ್) ಅದನ್ನು ತಡೆಯುವುದಿಲ್ಲ.

ನಿಮ್ಮ ಲಾರಿಯಲ್ಲಿ ಬೆಳಕು ಕಡಿಮೆಯಾಗಿದ್ದು ಬಲ್ಬಿನಿಂದಲ್ಲ, ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತಿರುವುದರಿಂದ ಇರಬಹುದು. ಅಳೆದೇ ನೋಡಿ. ಮಲ್ಟಿಮೀಟರನ್ನು ಡಿಸಿ 200ಕ್ಕೆ ಇಡಿ (20ರಲ್ಲಿಟ್ಟರೆ 24 ವೋಲ್ಟ್ ತೋರಿಸುವುದಿಲ್ಲ). ಎಂಜಿನ್ ಓಡುತ್ತಿರಲಿ, ಡಿಮ್ ಉರಿಯುತ್ತಿರಲಿ. ಕಪ್ಲರ್ ಬಲ್ಬಿನಲ್ಲೇ ಇರಬೇಕು. ಕಳಚಿ ಅಳೆದರೆ ಕರೆಂಟೇ ಹರಿಯದೆ ಪೂರ್ತಿ ವೋಲ್ಟ್ ತೋರಿಸಿ ಮೀಟರ್ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಮೀಟರಿನ ಕೆಂಪು ಕಡ್ಡಿ ಬ್ಯಾಟರಿ ಪ್ಲಸ್‌ಗೆ, ಕಪ್ಪು ಕಡ್ಡಿ ಕಪ್ಲರಿನ ಹಿಂಬದಿಯಿಂದ ಡಿಮ್ ಪಿನ್ನಿಗೆ ತಾಗಿಸಿ. ಇಲ್ಲಿ ಕಾಣುವುದೇ ದಾರಿಯಲ್ಲಿ ಸೋರಿದ ವೋಲ್ಟ್. ಆಮೇಲೆ ಬಲ್ಬಿನ ಅರ್ತ್ ಪಿನ್ನಿಗೂ ಬ್ಯಾಟರಿ ಮೈನಸ್‌ಗೂ ನಡುವೆ ಅಳೆಯಿರಿ. ಪ್ಲಸ್ ಕಡೆ ಒಂದು ವೋಲ್ಟ್ ಒಳಗೆ, ಅರ್ತ್ ಕಡೆ ಕಾಲು ವೋಲ್ಟ್ ಒಳಗೆ ಇದ್ದರೆ ವೈರಿಂಗ್ ಸರಿ ಇದೆ ಎನ್ನಬಹುದು.

ಬ್ಯಾಟರಿಯಲ್ಲಿ 27.8 ಇದ್ದು ಬಲ್ಬಿಗೆ 25 ಮಾತ್ರ ತಲುಪುತ್ತಿದೆ ಎನ್ನೋಣ. ವೋಲ್ಟ್ ಹತ್ತರಲ್ಲಿ ಒಂದು ಪಾಲು ಹೋಯಿತು, ಬೆಳಕು ಹತ್ತರಲ್ಲಿ ಮೂರು ಪಾಲು ಹೋಯಿತು. ಹ್ಯಾಲೊಜನ್ ಬಲ್ಬಿನ ಗುಣವೇ ಅದು. ದೊಡ್ಡ ಬಲ್ಬ್ ಹಾಕಿದಷ್ಟೂ ಅದೇ ದಾರಿಯಲ್ಲಿ ಇನ್ನೂ ಹೆಚ್ಚು ಸೋರುತ್ತದೆ. ಅರ್ತ್ ಕಡೆ ಸೋರಿಕೆ ಕಂಡರೆ ಅರ್ತ್ ವೈರ್ ಗಾಡಿಯ ಮೈಗೆ ಸೇರುವ ಬೋಲ್ಟ್ ಬಿಚ್ಚಿ, ತುಕ್ಕು ಮತ್ತು ಪೇಂಟ್ ಕೆರೆದು, ಹೊಸ ಲಗ್ (ವೈರ್ ತುದಿಯ ಲೋಹದ ಕೊಂಡಿ), ಹಲ್ಲಿನ ವಾಷರ್ ಹಾಕಿ ಬಿಗಿದು ಮೇಲೆ ಗ್ರೀಸ್ ಸವರಿ. ಎಷ್ಟೋ ಗಾಡಿಗಳಲ್ಲಿ ಕೆಲಸ ಇಲ್ಲಿಗೇ ಮುಗಿಯುತ್ತದೆ.

ರಿಫ್ಲೆಕ್ಟರಿನ ಬೆಳ್ಳಿ ಕಪ್ಪಾಗಿದ್ದರೆ, ಗಾಜು ಹಳದಿಯಾಗಿದ್ದರೆ ಮಾತ್ರ ವೋಲ್ಟ್ ಎಷ್ಟಿದ್ದರೂ ಪ್ರಯೋಜನವಿಲ್ಲ, ಹೆಡ್‌ಲೈಟ್ ಸೆಟ್ಟನ್ನೇ ಬದಲಿಸಬೇಕು.

ಪ್ರಶ್ನೆ: ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಹೊಡೆಯುವ 12 ವೋಲ್ಟಿನ ಪಿಕಪ್. ಅಳತೆ ಮಾಡಿಸಿದೆ, ಪ್ಲಸ್ ಕಡೆ 1.6 ವೋಲ್ಟ್ ಸೋರಿಕೆ. ರಿಲೇ ಹಾಕಿಸು ಅನ್ನುತ್ತಾರೆ. ಕಂಪನಿ ವೈರ್ ಕತ್ತರಿಸದೆ ಆಗುತ್ತದೆಯೇ? ಯಾವ ವೈರ್, ಎಷ್ಟು ಫ್ಯೂಸ್?
— ಹಾವೇರಿ

ಉತ್ತರ: ಆಗುತ್ತದೆ. ಕತ್ತರಿಸದೆ ಮಾಡುವುದೇ ಸರಿಯಾದ ಕ್ರಮ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್. ಈಗ ಎರಡೂ ಬಲ್ಬುಗಳ ಸುಮಾರು 10 ಆಂಪಿಯರ್ ಡಿಪ್ಪರ್ ಸ್ವಿಚ್ಚಿನೊಳಗೆ ಸುತ್ತಿ ಬರುತ್ತಿದೆ. ರಿಲೇ ಹಾಕಿದರೆ ಸ್ವಿಚ್ ಹೊರುವುದು ರಿಲೇ ಕಾಯಿಲಿನ ಕಾಲು ಆಂಪಿಯರಿಗೂ ಕಡಿಮೆ ಹೊರೆ. ಬಲ್ಬಿನ ಕರೆಂಟ್ ಬ್ಯಾಟರಿಯಿಂದ ನೇರ ಬರುತ್ತದೆ.

ಬೇಕಾದದ್ದು: ನಾಲ್ಕು ಪಿನ್ನಿನ 12 ವೋಲ್ಟ್, 30 ಆಂಪಿಯರ್ ರಿಲೇ ಎರಡು, ಅವುಗಳ ಬೇಸ್, ಮುಚ್ಚಳವಿರುವ ಫ್ಯೂಸ್ ಹೋಲ್ಡರ್ ಎರಡು, 15 ಆಂಪಿಯರಿನ ಫ್ಯೂಸ್‌ಗಳು, ಪಿಂಗಾಣಿ ಹೋಲ್ಡರ್ ಎರಡು. ಬ್ಯಾಟರಿಯಿಂದ ರಿಲೇವರೆಗೆ 4 ಚದರ ಮಿ.ಮೀ., ರಿಲೇಯಿಂದ ಬಲ್ಬಿಗೆ ಮತ್ತು ಅರ್ತಿಗೆ 2.5 ಚದರ ಮಿ.ಮೀ. ತಾಮ್ರದ ಎಳೆ ವೈರ್. ಮನೆ ವೈರಿಂಗಿನ ಒಂಟಿ ಎಳೆಯ ವೈರ್ ಬೇಡ, ಗಾಡಿಯ ನಡುಕಕ್ಕೆ ಒಳಗೇ ಮುರಿಯುತ್ತದೆ.

ಬ್ಯಾಟರಿ ಮೈನಸ್ ಕಳಚಿ ಕೆಲಸ ಶುರು ಮಾಡಿ. ಎಡ ಹೆಡ್‌ಲೈಟಿನ ಹಳೆ ಕಪ್ಲರ್ ಎಳೆದುಕೊಳ್ಳಿ. ಇನ್ನು ಮುಂದೆ ಅದರ ಕೆಲಸ ರಿಲೇಗೆ ಸೂಚನೆ ಕೊಡುವುದಷ್ಟೇ. ಅದರ ಡಿಮ್ ಪಿನ್ನಿನಿಂದ ಮೊದಲ ರಿಲೇಯ 86 ನಂಬರಿನ ಪಿನ್ನಿಗೆ, ಹೈ ಬೀಮ್ ಪಿನ್ನಿನಿಂದ ಎರಡನೆಯದರ 86ಕ್ಕೆ, ಮೂರನೆಯ ಪಿನ್ನಿನಿಂದ ಎರಡೂ ರಿಲೇಗಳ 85ಕ್ಕೆ ವೈರ್ ಕೊಡಿ. ವೈರಿನ ಬಣ್ಣ ನಂಬಬೇಡಿ, ಯಾವ ಪಿನ್ ಯಾವುದೆಂದು ಬ್ಯಾಟರಿ ಮೈನಸ್ ಕಳಚುವ ಮೊದಲೇ ಮೀಟರಿನಲ್ಲೇ ಗುರುತಿಸಿಕೊಳ್ಳಿ. ಬ್ಯಾಟರಿ ಪ್ಲಸ್‌ನಿಂದ ಪ್ರತಿ ರಿಲೇಯ 30ಕ್ಕೆ ಬೇರೆಬೇರೆ ಫ್ಯೂಸಿನ ಮೂಲಕ ವೈರ್ ಎಳೆಯಿರಿ. ಡಿಮ್ ಫ್ಯೂಸ್ ಹಾರಿದರೂ ಹೈ ಬೀಮ್ ಉಳಿಯುತ್ತದೆ, ಕತ್ತಲಲ್ಲಿ ಗಾಡಿ ಕುರುಡಾಗುವುದಿಲ್ಲ. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಬೇಕು. ದೂರವಿದ್ದರೆ ಅಲ್ಲಿಯವರೆಗಿನ ವೈರಿಗೆ ರಕ್ಷಣೆಯೇ ಇಲ್ಲ. ಮೊದಲ ರಿಲೇಯ 87ರಿಂದ ಎರಡೂ ಬಲ್ಬಿನ ಡಿಮ್‌ಗೆ, ಎರಡನೆಯದರ 87ರಿಂದ ಎರಡೂ ಹೈ ಬೀಮಿಗೆ ಹೊಸ ಪಿಂಗಾಣಿ ಹೋಲ್ಡರಿನ ಮೂಲಕ ವೈರ್ ಕೊಟ್ಟು, ಅವುಗಳ ಮೂರನೆಯ ಪಿನ್ನನ್ನು ಅರ್ತಿಗೆ ಸೇರಿಸಿ. ಬಲ ಕಡೆಯ ಹಳೆ ಕಪ್ಲರ್ ಬಾಯಿಗೆ ಟೇಪ್ ಸುತ್ತಿ, ಕೆಳಮುಖವಾಗಿ ಕಟ್ಟಿಡಿ.

ವೈರ್ ತಿರುಚಿ ಟೇಪ್ ಸುತ್ತಿದ ಜೋಡಣೆ ಎಲ್ಲಿಯೂ ಬೇಡ, ಲಗ್ ಹಾಕಿ ಕ್ರಿಂಪ್ ಮಾಡಿಸಿ (ಇಕ್ಕಳದಿಂದ ಒತ್ತಿ ಬಿಗಿಸಿ). ತಗಡಿನ ತೂತಿನಲ್ಲಿ ವೈರ್ ಹಾಯುವಲ್ಲಿ ರಬ್ಬರ್ ಬುಷ್ ಇರಲಿ. ರಿಲೇಯ ಪಿನ್‌ಗಳು ಕೆಳಮುಖವಾಗಿರಲಿ, ನೀರು ನಿಲ್ಲುವುದಿಲ್ಲ.

ಇದನ್ನೇ ಲಾರಿಗೆ ಮಾಡುವವರು 24 ವೋಲ್ಟಿನ ರಿಲೇಯನ್ನೇ ಕೇಳಿ ತರಬೇಕು. 12ರ ಕಾಯಿಲ್ ಅಲ್ಲಿ ಸುಟ್ಟುಹೋಗುತ್ತದೆ. ಎರಡು ಬಲ್ಬಿಗೆ ಅಲ್ಲಿ 6.3 ಆಂಪಿಯರ್ ಸಾಕು, ಫ್ಯೂಸ್ 10 ಆಂಪಿಯರ್. ಕ್ಯಾಬಿನ್ ಮುಂದಕ್ಕೆ ಎತ್ತುವ ಗಾಡಿಯಾದರೆ ಕೀಲಿನ ಹತ್ತಿರ ವೈರಿಗೆ ಸಡಿಲು ಬಿಟ್ಟು, ಕ್ಯಾಬಿನ್ ಪೂರ್ತಿ ಎತ್ತಿ ನೋಡಿ.

ರಿಲೇ ಹಾಕಿದ ಮೇಲೆ ಬಲ್ಬ್ ಬೇಗ ಬೇಗ ಹೋಗತೊಡಗಿದರೆ ಚಾರ್ಜಿಂಗ್ ಅಳೆಯಿರಿ. ವೋಲ್ಟ್ ನೂರಕ್ಕೆ ಐದು ಏರಿದರೂ ಹ್ಯಾಲೊಜನ್ನಿನ ಆಯಸ್ಸು ಅರ್ಧಕ್ಕಿಳಿಯುತ್ತದೆ. 12ರ ಗಾಡಿಯಲ್ಲಿ 14.5, 24ರ ಗಾಡಿಯಲ್ಲಿ 29 ದಾಟುತ್ತಿದ್ದರೆ ರೆಗ್ಯುಲೇಟರ್ ನೋಡಿಸಬೇಕು. ಇನ್ನು 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಗಳಿಗೆ ಇದನ್ನು ಕಣ್ಣುಮುಚ್ಚಿ ಮಾಡಬೇಡಿ. ಕೆಲವದರಲ್ಲಿ ಲೈಟನ್ನು ಎಲೆಕ್ಟ್ರಾನಿಕ್ ಪೆಟ್ಟಿಗೆ ನಡೆಸುತ್ತದೆ; ರಿಲೇ ಟಕಟಕ ಬಡಿದುಕೊಳ್ಳುತ್ತದೆ, ಇಲ್ಲವೇ ಬಲ್ಬ್ ಹೋಗಿದೆಯೆಂದು ಎಚ್ಚರಿಕೆ ಬರುತ್ತದೆ.

ಪ್ರಶ್ನೆ: ನಮ್ಮ ಡ್ರೈವರ್ ಲಾರಿಗೆ 12 ವೋಲ್ಟಿನ ಎಲ್‌ಇಡಿ ಲೈಟ್ ಹಾಕಿ ಎರಡು ಬ್ಯಾಟರಿಯೊಳಗ ಒಂದರಿಂದ ಕರೆಂಟ್ ತಗೊಂಡಾನ್ರಿ. ನಡೀತೈತೇನ್ರಿ?
— ಅಮರಗೋಳ, ಹುಬ್ಬಳ್ಳಿ

ಉತ್ತರ: ನಡೆಯುವುದಿಲ್ಲ, ಇವತ್ತೇ ಕಳಚಿಸಿ. ಎರಡೂ ಬ್ಯಾಟರಿ ಸಾಲಾಗಿ ಜೋಡಿಸಿರುವುದರಿಂದ ಎರಡಕ್ಕೂ ಹೋಗುವ ಚಾರ್ಜಿಂಗ್ ಕರೆಂಟ್ ಒಂದೇ. ಒಂದು ಬ್ಯಾಟರಿ ಮಾತ್ರ ಖಾಲಿಯಾಗುತ್ತ ಹೋದರೆ ಅದು ಯಾವತ್ತೂ ತುಂಬುವುದಿಲ್ಲ, ಇನ್ನೊಂದು ಮಿತಿಮೀರಿ ಚಾರ್ಜ್ ಆಗಿ ನೀರು ಕುದಿಸಿಕೊಳ್ಳುತ್ತದೆ. ಕೆಲವು ತಿಂಗಳಲ್ಲಿ ಜೋಡಿಯೇ ಹಾಳು. 24ರಿಂದ 12 ಮಾಡುವ ಕನ್ವರ್ಟರ್ ಹಾಕಿಸಿ, ಇಲ್ಲವೇ 10–30 ವೋಲ್ಟ್ ಎಂದು ಬರೆದ ಲೈಟನ್ನೇ ತನ್ನಿ.

ಪ್ರಶ್ನೆ: ಹಳೆ ಹೆಡ್‌ಲೈಟಿನೊಳಗೆ ಎಲ್‌ಇಡಿ ಬಲ್ಬ್ ಹಾಕಿದರೆ ಕರೆಂಟ್ ಕಡಿಮೆ ಸಾಕು, ವೈರಿಂಗಿಗೂ ಹಗುರ. ಯಾಕೆ ಬೇಡ ಅನ್ನುತ್ತಾರೆ?
— ಧಾರವಾಡ

ಉತ್ತರ: ವೈರಿಂಗಿನ ಮಟ್ಟಿಗೆ ನಿಮ್ಮ ಮಾತು ಸರಿ. ತೊಂದರೆ ಎದುರಿನವರಿಗೆ. ಹ್ಯಾಲೊಜನ್ ಬಲ್ಬಿನ ಡಿಮ್ ತಂತಿಯ ಕೆಳಗೆ ಚಿಕ್ಕ ತಗಡಿನ ಬಟ್ಟಲು ಇರುತ್ತದೆ, ಬೆಳಕಿನ ಮೇಲಂಚು ಕತ್ತರಿಸುವುದು ಅದೇ. ರಿಫ್ಲೆಕ್ಟರನ್ನು ಆ ತಂತಿಯ ಜಾಗಕ್ಕೇ ಲೆಕ್ಕ ಹಾಕಿ ಮಾಡಿರುತ್ತಾರೆ. ಎಲ್‌ಇಡಿ ಚಿಪ್ ಒಂದೆರಡು ಮಿ.ಮೀ. ಆಚೀಚೆಯಾದರೂ ಬೆಳಕು ಮೇಲಕ್ಕೆ ಚೆಲ್ಲುತ್ತದೆ. ಗಾಡಿಯ ಹತ್ತಿರ ಬೆಳ್ಳಗೆ ಹೊಳೆಯುತ್ತದೆ, ದೂರ ಕಾಣುವುದಿಲ್ಲ. ದಂಡವೂ ಇದೆ: ಮೋಟಾರು ವಾಹನ ಕಾಯ್ದೆಯ 182ಎ(4) ಪ್ರಕಾರ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಇದ್ದ ಹೆಡ್‌ಲೈಟನ್ನೇ ಸರಿಯಾಗಿ ಸೆಟ್ ಮಾಡಿ. ಸಮತಟ್ಟಾದ ನೆಲದಲ್ಲಿ ಗೋಡೆಯಿಂದ 10 ಮೀಟರ್ ದೂರ, ಲೋಡ್ ತುಂಬಿದ ಗಾಡಿಯನ್ನೇ ನಿಲ್ಲಿಸಿ. ಹಿಂದಿನ ಪಾಟಾ (ಸ್ಪ್ರಿಂಗ್ ಪಟ್ಟಿ) ತಗ್ಗಿದಾಗ ಮೂತಿ ಮೇಲೇಳುತ್ತದೆ. ಖಾಲಿ ಗಾಡಿಯಲ್ಲಿ ಮಾಡಿದ ಸೆಟ್ಟಿಂಗ್ ಲೋಡಿನಲ್ಲಿ ಎದುರಿನವರ ಕಣ್ಣಿಗೇ ಹೊಡೆಯುತ್ತದೆ. ಬಲ್ಬಿನ ನಡುವಿನ ಎತ್ತರವನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಡಿಮ್ ಬೆಳಕಿನ ಮೇಲಂಚು ಆ ಗೆರೆಗಿಂತ 10ರಿಂದ 15 ಸೆಂ.ಮೀ. ಕೆಳಗೆ ಬೀಳಬೇಕು, ಎಡಕ್ಕೆ ಮಾತ್ರ ಸ್ವಲ್ಪ ಏರಬೇಕು. ಬಲಕ್ಕೆ ಏರುತ್ತಿದ್ದರೆ ಅದು ರಸ್ತೆಯ ಬಲಬದಿಯಲ್ಲಿ ಓಡಿಸುವ ದೇಶಗಳಿಗೆ ಮಾಡಿದ ಗಾಜು. ಅದನ್ನು ಅಂಗಡಿಗೆ ವಾಪಸ್ ಕೊಡಿ.