ಮರಳಿಗಿಳಿಯುವ ಮುನ್ನ ಟಯರಿನ ಗಾಳಿ ಇಳಿಸಿ

ಓದುಗರ ಪ್ರಶ್ನೆಗಳು: ಯುಎಇ ಮರುಭೂಮಿಯಲ್ಲಿ ಮನೆಮಂದಿಯ ಚಳಿಗಾಲದ ಬಿಡಾರ

ಪ್ರಶ್ನೆ: ನಮ್ಮದು ಹಳೆಯ ಟೊಯೋಟಾ ಪ್ರಾಡೊ, ಫೋರ್ ವೀಲ್ ಡ್ರೈವ್ ಗಾಡಿ. ಡಿಸೆಂಬರ್ ರಜೆಯಲ್ಲಿ ಇಬ್ಬರು ಮಕ್ಕಳ ಜೊತೆ ಬದಾಯರ್ ಮರಳುದಿಬ್ಬಗಳ ಕಡೆ ಹೋಗುವ ಯೋಚನೆ. ಟಯರ್ ಗಾಳಿಯನ್ನು ಒಬ್ಬರು 20ಕ್ಕೆ ಇಳಿಸಿ ಅನ್ನುತ್ತಾರೆ, ಇನ್ನೊಬ್ಬರು 10 ಅನ್ನುತ್ತಾರೆ. ಯಾವುದು ಸರಿ? (ಶಾರ್ಜಾ ಓದುಗರು)

ಉತ್ತರ: 15 ಪಿಎಸ್‌ಐಯಿಂದ (ಪಿಎಸ್‌ಐ ಎಂದರೆ ಟಯರಿನ ಗಾಳಿಯೊತ್ತಡದ ಅಳತೆ) ಶುರುಮಾಡಿ. ಡಾಂಬರು ರಸ್ತೆಯ 35ರಲ್ಲೇ ಮರಳಿಗೆ ಇಳಿದರೆ ಟಯರ್ ಚಾಕುವಿನಂತೆ ಕೊರೆದುಕೊಂಡು ಕೆಳಗೆ ಹೋಗುತ್ತದೆ. ಗಾಳಿ ಇಳಿಸಿದಾಗ ಟಯರ್ ಉದ್ದುದ್ದಕ್ಕೆ ಚಪ್ಪಟೆಯಾಗಿ ಒಂಟೆಯ ಪಾದದ ಹಾಗೆ ಹರಡಿಕೊಳ್ಳುತ್ತದೆ, ಗಾಡಿಯ ಭಾರ ಹೆಚ್ಚು ಜಾಗದ ಮೇಲೆ ಹಂಚಿಹೋಗುತ್ತದೆ. 20 ಗಟ್ಟಿ ಮರಳಿನ ಹಾದಿಗೆ ಸಾಕು, ದಿಬ್ಬ ಹತ್ತಲು ಸಾಲದು. 10 ಎನ್ನುವುದು ಹೂತುಹೋದಾಗ ಈಚೆ ಬರಲು ಇಟ್ಟುಕೊಳ್ಳಬೇಕಾದ ಅಂಕಿ. ಅಷ್ಟು ಕಡಿಮೆ ಗಾಳಿಯಲ್ಲಿ ಸ್ಟಿಯರಿಂಗ್ ಜೋರಾಗಿ ತಿರುಗಿಸಿದರೆ ಟಯರಿನ ಅಂಚು ರಿಮ್ಮಿನಿಂದ ಕಳಚಿಕೊಳ್ಳುತ್ತದೆ.

ಕಣ್ಣಳತೆ ಇಲ್ಲಿ ನಡೆಯದು, ಗಾಳಿ ಅಳೆಯುವ ಗೇಜ್ ಇಟ್ಟುಕೊಳ್ಳಿ. ಈ ಪಿಎಸ್‌ಐ ನಮ್ಮೂರಿನ ಠಾಣೆಯವರಿಗಿಂತ ಕಟ್ಟುನಿಟ್ಟು. ಹೆದ್ದಾರಿಯಿಂದ ಬಂದ ಬಿಸಿ ಟಯರಿನಲ್ಲಿ ಸಂಜೆ 15 ತೋರಿಸಿದ್ದು ರಾತ್ರಿ ತಣ್ಣಗಾಗಿ ಬೆಳಗ್ಗೆ 12ರ ಆಸುಪಾಸಿಗೆ ಇಳಿದಿರುತ್ತದೆ. ಹಾಗಾಗಿ ಬೆಳಗ್ಗೆ ಹೊರಡುವ ಮುನ್ನ ಇನ್ನೊಮ್ಮೆ ಅಳೆಯಿರಿ.

ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಿ. ಚಕ್ರ ಜಾರಿದ ಕೂಡಲೇ ಅದು ಎಂಜಿನ್ನಿನ ಶಕ್ತಿ ತಗ್ಗಿಸುತ್ತದೆ. ಮರಳಿನಲ್ಲಿ ಚಕ್ರ ಸ್ವಲ್ಪ ಜಾರಲೇಬೇಕು, ಇಲ್ಲವಾದರೆ ದಿಬ್ಬದ ಅರ್ಧದಲ್ಲೇ ಗಾಡಿ ನಿಲ್ಲುತ್ತದೆ. ಹಲವು ಗಾಡಿಗಳಲ್ಲಿ ಬಟನ್ನನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಮಾತ್ರ ಅದು ಪೂರ್ತಿ ಆಫ್ ಆಗುತ್ತದೆ.

ದಿಬ್ಬವನ್ನು ನೇರವಾಗಿ ಹತ್ತಿ, ನೇರವಾಗಿ ಇಳಿಯಿರಿ. ಓರೆಯಾಗಿ ಹೋದರೆ ಗಾಡಿ ಪಲ್ಟಿ. ಇಳಿಜಾರಿನಲ್ಲಿ ಹಿಂಭಾಗ ಪಕ್ಕಕ್ಕೆ ಜಾರತೊಡಗಿದರೆ ಬ್ರೇಕ್ ಒತ್ತಬೇಡಿ. ಸ್ಟಿಯರಿಂಗನ್ನು ಇಳಿಜಾರಿನ ಕಡೆಗೇ ತಿರುಗಿಸಿ ಆಕ್ಸಿಲರೇಟರ್ ಸ್ವಲ್ಪ ಕೊಡಿ, ಗಾಡಿ ನೇರವಾಗುತ್ತದೆ. ನಿಲ್ಲಿಸುವಾಗಲೂ ಬ್ರೇಕ್ ಬೇಡ. ಒತ್ತಿದರೆ ಚಕ್ರದ ಮುಂದೆ ಮರಳು ಗುಡ್ಡೆಯಾಗಿ, ಮತ್ತೆ ಹೊರಡುವಾಗ ಅದೇ ಗೋಡೆಯಾಗುತ್ತದೆ. ಆಕ್ಸಿಲರೇಟರ್ ಬಿಟ್ಟರೆ ಮರಳೇ ನಿಲ್ಲಿಸುತ್ತದೆ. ಗಾಡಿಯ ಮೂತಿ ಇಳಿಜಾರಿನ ಕಡೆಗಿರಲಿ.

ನಡುಮಧ್ಯಾಹ್ನ ನೆರಳು ಕಡಿಮೆಯಾಗುವುದರಿಂದ ದಿಬ್ಬದ ತುದಿ ಎಲ್ಲಿ, ಆಚೆ ಗುಂಡಿ ಎಲ್ಲಿ ಎಂದು ಸರಿಯಾಗಿ ಕಾಣುವುದಿಲ್ಲ. ಆ ಹೊತ್ತು ಊಟಕ್ಕೆ. ಬೆಳಗಿನ ಮರಳು ಇಬ್ಬನಿಯಿಂದ ಕೊಂಚ ಗಟ್ಟಿಯಾಗಿರುತ್ತದೆ, ಹೊಸಬರಿಗೆ ಅದೇ ಒಳ್ಳೆಯ ಸಮಯ. ಇನ್ನು ಬದಾಯರ್‌ನ ಬಿಗ್ ರೆಡ್ ದಿಬ್ಬದ ಸುತ್ತ ವಾರಾಂತ್ಯದಲ್ಲಿ ಬಗ್ಗಿಗಳು (ಮರಳಲ್ಲಿ ಓಡಿಸುವ ಹಗುರ ಗಾಡಿಗಳು) ಎಲ್ಲಿಂದ ಹಾರಿ ಬರುತ್ತವೋ ಹೇಳಲಾಗದು. ಮಕ್ಕಳಿದ್ದಾರೆ ಎಂದಮೇಲೆ ಆ ಜಾತ್ರೆಯಿಂದ ದೂರವಿರಿ. ಗಾಡಿಗೆ ಉದ್ದ ಕೋಲಿನ ಬಾವುಟ ಕಟ್ಟಿ.

ವಾಪಸ್ ಡಾಂಬರು ಹತ್ತುವ ಮೊದಲು ಗಾಳಿ ತುಂಬಲೇಬೇಕು. 15 ಪಿಎಸ್‌ಐಯಲ್ಲಿ ಹೆದ್ದಾರಿ ವೇಗಕ್ಕೆ ಹೋದರೆ ಟಯರಿನ ಪಕ್ಕದ ಗೋಡೆ ಮಡಚಿ ಮಡಚಿ ಕಾದು ಸಿಡಿಯುತ್ತದೆ. ಕಂಪ್ರೆಸರನ್ನು ನೇರ ಬ್ಯಾಟರಿಗೆ ಸಿಕ್ಕಿಸಿ, ಎಂಜಿನ್ ಓಡುತ್ತಿರಲಿ. ಸಿಗರೇಟ್ ಸಾಕೆಟ್ಟಿಗೆ ಹಾಕಿದರೆ ದೊಡ್ಡ ಕಂಪ್ರೆಸರ್ ಎಳೆಯುವ ಕರೆಂಟಿಗೆ ಫ್ಯೂಸ್ ಹೋಗುತ್ತದೆ.

ಪ್ರಶ್ನೆ: ಹೂತುಹೋದ ಗಾಡಿಯನ್ನು ಎಳೆಯುವಾಗ ಹಗ್ಗ ಎರಡು ಸಲ ತುಂಡಾಯಿತು. ಇನ್ನೂ ದಪ್ಪ ಹಗ್ಗ ತರಬೇಕೇ? (ಅಬುಧಾಬಿ ಓದುಗರು)

ಉತ್ತರ: ದಪ್ಪದ ಪ್ರಶ್ನೆ ಆಮೇಲೆ. ಎರಡು ಸಲ ಕಿತ್ತರೂ ಯಾರಿಗೂ ಏಟಾಗಲಿಲ್ಲ ಎಂದರೆ ಅದೃಷ್ಟ.

ಮೊದಲಿಗೆ, ಹಗ್ಗದ ಅಗತ್ಯವೇ ಬೀಳದಂತೆ ನೋಡಿಕೊಳ್ಳಿ. ಗಾಡಿ ಮುಂದೆ ಹೋಗುತ್ತಿಲ್ಲ ಎಂದು ಗೊತ್ತಾದ ಕ್ಷಣವೇ ಆಕ್ಸಿಲರೇಟರ್ ಬಿಡಿ. ಚಕ್ರ ತಿರುಗಿಸುತ್ತಲೇ ಹೋದರೆ ಅದು ತನ್ನ ಗುಂಡಿ ತಾನೇ ತೋಡುತ್ತದೆ, ಕೊನೆಗೆ ಗಾಡಿ ಹೊಟ್ಟೆಯ ಮೇಲೆ ಕೂರುತ್ತದೆ. ಎಲ್ಲರನ್ನೂ ಇಳಿಸಿ, ಬಂದ ಜಾಡಿನಲ್ಲೇ ಹಿಂದಕ್ಕೆ ತೆಗೆಯಿರಿ. ಬರಲಿಲ್ಲವೇ? ಸಲಿಕೆ ತೆಗೆದು ನಾಲ್ಕೂ ಚಕ್ರಗಳ ಮುಂದಿನ, ಹಿಂದಿನ ಮರಳನ್ನೂ ಹೊಟ್ಟೆಯ ಕೆಳಗಿನದನ್ನೂ ಸರಿಸಿ. ಟಯರನ್ನು 10ಕ್ಕೆ ಇಳಿಸಿ, 4ಎಲ್ (ನಾಲ್ಕೂ ಚಕ್ರಕ್ಕೆ ನಿಧಾನದಲ್ಲಿ ಹೆಚ್ಚು ಬಲ ಕೊಡುವ ಲೋ ರೇಂಜ್ ಗೇರ್) ಹಾಕಿ, ಸ್ಟಿಯರಿಂಗ್ ನೆಟ್ಟಗೆ ಹಿಡಿದು ನಿಧಾನ ಹೊರಡಿ. ಮುಕ್ಕಾಲು ಪಾಲು ಗಾಡಿಗಳು ಇಷ್ಟಕ್ಕೇ ಬರುತ್ತವೆ. ಈ ಹದಿನೈದು ನಿಮಿಷದ ತಾಳ್ಮೆ ಇಲ್ಲದವರೇ ಹಗ್ಗಕ್ಕೆ ಕೈಹಾಕುವುದು.

ಎಳೆಯಲೇಬೇಕಾದರೆ ರಸ್ತೆಯಲ್ಲಿ ಕೆಟ್ಟ ಕಾರು ಎಳೆಯುವ ಪಾಲಿಯೆಸ್ಟರ್ ಪಟ್ಟಿ ಬೇಡ. ಅದು ಹಿಗ್ಗುವುದಿಲ್ಲ, ಜಗ್ಗಿದ ಏಟು ಪೂರ್ತಿ ಅದರ ಮೇಲೆಯೇ ಬೀಳುತ್ತದೆ. ನಿಮ್ಮದು ತುಂಡಾದದ್ದು ಬಹುಶಃ ಹೀಗೆಯೇ. ಹಿಗ್ಗುವ ನೈಲಾನ್ ಕೈನೆಟಿಕ್ ಹಗ್ಗ ತನ್ನಿ, 9 ಮೀಟರ್ ಉದ್ದದ್ದು ಸಾಕು. ಒಂದೆರಡು ಮೀಟರ್ ಸಡಿಲ ಬಿಟ್ಟು, ಎಳೆಯುವ ಗಾಡಿ ನಿಧಾನಕ್ಕೆ ಹೊರಡಲಿ. ಕಟ್ಟುವುದು ಚಾಸಿಗೆ ಬೋಲ್ಟ್ ಮಾಡಿದ ರಿಕವರಿ ಕೊಕ್ಕೆಗೆ ಮಾತ್ರ, 4.75 ಟನ್ ಎಂದು ಅಚ್ಚಾಗಿರುವ ಶಾಕಲ್ (ಲೋಹದ ಕೊಂಡಿ) ಹಾಕಿ. ಟ್ರೈಲರ್ ಸಿಕ್ಕಿಸುವ ದುಂಡನೆಯ ಟೋ ಬಾಲ್‌ಗೆ ಎಂದೂ ಕಟ್ಟಬೇಡಿ. ಅದು ಮುರಿದರೆ ಗುಂಡಿನಂತೆ ಹಾರುತ್ತದೆ, ಇದರಿಂದ ಜೀವ ಹೋದದ್ದಿದೆ. ಎರಡು ಹಗ್ಗಗಳನ್ನು ನಡುವೆ ಶಾಕಲ್ ಹಾಕಿ ಜೋಡಿಸುವುದೂ ಅಷ್ಟೇ ಅಪಾಯ. ಹಗ್ಗದ ಮೇಲೆ ಒದ್ದೆ ಕಂಬಳಿ ಹಾಸಿ, ನೋಡುವವರನ್ನು ಹಗ್ಗದ ಒಂದೂವರೆ ಪಟ್ಟು ದೂರ ನಿಲ್ಲಿಸಿ. ಸನ್ನೆ ಮಾಡುವವರು ಒಬ್ಬರೇ ಇರಲಿ. ಎಂಟು ಜನ ಕೈಬೀಸಿದರೆ ಯಾರದ್ದನ್ನು ನೋಡುವುದು?

ಅಬುಧಾಬಿಯ ದಕ್ಷಿಣದ ಲಿವಾ ಮರುಭೂಮಿಯ ಕಡೆ ಹೋಗುವವರಾದರೆ ಇನ್ನೊಂದು ಮಾತು. ದಿಬ್ಬಗಳ ನಡುವೆ ಚಪ್ಪಟೆಯಾಗಿ ಕಾಣುವ ಸಬ್ಖಾ, ಅಂದರೆ ಉಪ್ಪಿನ ಬಯಲು, ಮೇಲೆ ಹಪ್ಪಳದಂತೆ ಒಣಗಿದ್ದರೂ ಕೆಳಗೆ ಕೆಸರಿರಬಹುದು. ಹಳೆಯ ಚಕ್ರದ ಗುರುತಿಲ್ಲದ, ಬಣ್ಣ ಕಪ್ಪಾಗಿರುವ ಕಡೆ ಇಳಿಯಬೇಡಿ.

ಪ್ರಶ್ನೆ: ನಮ್ಮದು ಆಲ್ ವೀಲ್ ಡ್ರೈವ್ ಇರುವ ಸಣ್ಣ ಎಸ್‌ಯುವಿ. ಅದು ಸಾಲದೇ? (ಅಜ್ಮಾನ್ ಓದುಗರು)

ಉತ್ತರ: ಗಟ್ಟಿ ಹಾದಿಯ ಪಕ್ಕದ ಬಿಡಾರಕ್ಕೆ ಸಾಕು, ದಿಬ್ಬಗಳಿಗೆ ಸಾಲದು. ಲೋ ರೇಂಜ್ ಇರುವುದಿಲ್ಲ, ಹೊಟ್ಟೆ ನೆಲಕ್ಕೆ ಹತ್ತಿರ, ಗೇರ್‌ಬಾಕ್ಸ್ ಬೇಗ ಕಾಯುತ್ತದೆ. ಅದರ ಎಚ್ಚರಿಕೆ ದೀಪ ಹತ್ತಿದರೆ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ ಎಂಜಿನ್ ಓಡುತ್ತಿರಲು ಬಿಡಿ, ಎಣ್ಣೆ ತಿರುಗಿ ತಣ್ಣಗಾಗುತ್ತದೆ. ವಿಮೆಯಲ್ಲಿ ಆಫ್‌ರೋಡ್ ಸೇರಿದೆಯೇ ಎಂದು ಓದಿ ನೋಡಿ. ಬಾಡಿಗೆ ಕಾರಾದರೆ ಕರಾರಿನಲ್ಲಿ ಸಾಮಾನ್ಯವಾಗಿ ಮರಳಿಗೆ ಇಳಿಯಬಾರದೆಂದೇ ಇರುತ್ತದೆ.

ಪ್ರಶ್ನೆ: ಎರಡು ಗಾಡಿ, ಒಟ್ಟು ಆರು ಜನ. ಮೂರು ವರ್ಷದ ಮಗು ಇದೆ, ಊರಿಂದ ಬಂದಿರುವ ಅತ್ತೆಗೆ ಮಂಡಿನೋವು. ಒಂದು ರಾತ್ರಿಗೆ ಏನೇನು ಬೇಕು? (ದುಬೈ ಓದುಗರು)

ಉತ್ತರ: ಎರಡು ಗಾಡಿ ಎಂದಿರಿ, ಅದೇ ಮೊದಲ ಒಳ್ಳೆಯ ಸುದ್ದಿ. ಒಂಟಿ ಗಾಡಿ ಮರಳಿಗೆ ಹೋಗಕೂಡದು. ತಲೆಗೆ ದಿನಕ್ಕೆ 5 ಲೀಟರ್ ಲೆಕ್ಕದಲ್ಲಿ ಎರಡು ದಿನಕ್ಕೆ 60 ಲೀಟರ್ ನೀರು, ಮೇಲೆ 10. ಎರಡೂ ಗಾಡಿಗೆ ಹಂಚಿ ಇಡಿ. ಅತ್ತೆಯವರನ್ನು ದಿಬ್ಬದ ಓಟಕ್ಕೆ ಕೂರಿಸಬೇಡಿ. ಗಟ್ಟಿ ಹಾದಿಯಿಂದ ನೇರ ಬಿಡಾರಕ್ಕೆ ಬರಲಿ, ಎತ್ತರದ ಕುರ್ಚಿ ತನ್ನಿ. ಮರಳಲ್ಲಿ ಕೂತು ಏಳುವುದು ಮಂಡಿಗೆ ಶಿಕ್ಷೆ.

ಡಿಸೆಂಬರಿನಲ್ಲಿ ಸಂಜೆ ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ನಾಲ್ಕಕ್ಕೇ ತಲುಪಿ. ವಾಯುವ್ಯದ ಶಮಾಲ್ ಗಾಳಿಗೆ ಟೆಂಟಿನ ಬಾಗಿಲು ಬೆನ್ನು ಮಾಡಿರಲಿ. ಸಾಮಾನ್ಯ ಗೂಟ ಮರಳಲ್ಲಿ ನಿಲ್ಲದು. ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಮೊಣಕೈ ಆಳದಲ್ಲಿ ಹೂಳಿ. ಚಳಿ ಮೇಲಿಂದಲ್ಲ, ನೆಲದಿಂದ ಏರುತ್ತದೆ. ಹೊದೆಯಲು ಎರಡು ಕಂಬಳಿ ಇದ್ದರೆ ಒಂದನ್ನು ಕೆಳಗೆ ಹಾಸಿ.

ಅಡುಗೆಯ ಬಗ್ಗೆ: ಪುಳಿಯೋಗರೆ ಗೊಜ್ಜು, ಹುರಿದ ರವೆ, ಅವಲಕ್ಕಿ ಮನೆಯಲ್ಲೇ ಸಿದ್ಧ ಮಾಡಿ. ಗಾಳಿಯಲ್ಲಿ ಒಗ್ಗರಣೆ ಹಾಕಿದರೆ ಸಾಸಿವೆಗಿಂತ ಮರಳೇ ಜಾಸ್ತಿ. ಬೆಂಕಿಯನ್ನು ಕಾಲಿರುವ ಕಬ್ಬಿಣದ ಒಲೆಯಲ್ಲೇ ಹಾಕಿ, ಸೌದೆ ಮನೆಯಿಂದಲೇ ಬರಲಿ. ಅಲ್ಲಿ ಕಾಣುವ ಘಾಫ್ ಮರದ ಒಂದು ಟೊಂಗೆಯನ್ನೂ ಮುರಿಯಬೇಡಿ. ಅದು ಆ ದೇಶದ ರಾಷ್ಟ್ರೀಯ ಮರ, ದಸರೆಯಲ್ಲಿ ನಾವು ಸುತ್ತುವ ಬನ್ನಿಯೂ ಅದೇ. ಅತ್ತೆಯವರಿಗೆ ತೋರಿಸಿ, ಗುರುತು ಹಿಡಿಯಬಹುದು.

ಉಳಿದ ಕೆಂಡವನ್ನು ಮರಳಲ್ಲಿ ಮುಚ್ಚಬೇಡಿ. ಮುಚ್ಚಿದ ಕೆಂಡ ಗಂಟೆಗಟ್ಟಲೆ ಕಾದಿರುತ್ತದೆ, ಬರಿಗಾಲಲ್ಲಿ ಓಡುವ ಮಗು ಅದರ ಮೇಲೆ ಕಾಲಿಡುತ್ತದೆ. ನೀರು ಸುರಿದು ಆರಿಸಿ, ಬಕೆಟ್ಟಿನಲ್ಲಿ ವಾಪಸ್ ತನ್ನಿ. ಚಳಿಯೆಂದು ಕೆಂಡವನ್ನು ಟೆಂಟಿನೊಳಗೆ ಇಟ್ಟರೆ ಕಾರ್ಬನ್ ಮೊನಾಕ್ಸೈಡ್‌ನಿಂದ ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಬೆಳಗ್ಗೆ ಚಪ್ಪಲಿ ಕೊಡವಿ ಹಾಕಿಕೊಳ್ಳಿ, ಚೇಳು ಇರಬಹುದು. ನೇರಳೆಯಾತೀತ ಟಾರ್ಚ್ ಬಿಟ್ಟರೆ ಅದು ಹಸಿರಾಗಿ ಹೊಳೆಯುತ್ತದೆ. ಪೊಲೀಸ್ 999, ಆಂಬುಲೆನ್ಸ್ 998. ಸಿಗ್ನಲ್ ಇರುವ ಜಾಗ ಎಲ್ಲಿ ಮುಗಿಯಿತು ಎಂಬುದನ್ನು ಹೋಗುವಾಗಲೇ ಗುರುತು ಮಾಡಿಕೊಳ್ಳಿ.

ಪ್ರಶ್ನೆ: ಮರಳಿಂದ ಬಂದಮೇಲೆ ಗಾಡಿಯಡಿ ಸುಟ್ಟ ವಾಸನೆ. ಏನಿರಬಹುದು? (ಅಲ್ ಐನ್ ಓದುಗರು)

ಉತ್ತರ: ಕೂಡಲೇ ಬಗ್ಗಿ ನೋಡಿ. ಸೈಲೆನ್ಸರ್ ಪೈಪಿಗೆ ಒಣಹುಲ್ಲು ಸಿಕ್ಕಿಕೊಂಡಿದ್ದರೆ ಗಾಡಿಗೇ ಬೆಂಕಿ ಹತ್ತಬಹುದು. ಎಂಜಿನ್ ಆರಿಸಿ, ಪೈಪು ತಣ್ಣಗಾದ ಮೇಲೆ ಕೋಲಿನಿಂದ ಎಳೆದು ತೆಗೆಯಿರಿ. ಹುಲ್ಲಿಲ್ಲದಿದ್ದರೆ ಗೇರ್‌ಬಾಕ್ಸ್ ಎಣ್ಣೆ ಸೋರುತ್ತಿದೆಯೇ ಎಂದು ಗ್ಯಾರೇಜಿನಲ್ಲಿ ನೋಡಿಸಿ, ಏರ್ ಫಿಲ್ಟರನ್ನೂ ಕೊಡವಿಸಿ. ಸಬ್ಖಾ ದಾಟಿದ್ದರೆ ಅದೇ ದಿನ ಅಡಿಭಾಗ ತೊಳೆಸಿ, ಉಪ್ಪು ಒಂದು ವಾರ ಕೂತರೆ ಬೋಲ್ಟುಗಳು ತುಕ್ಕು ಹಿಡಿಯುತ್ತವೆ.